ಈರುಳ್ಳಿ ಸುತ್ತಿನ ಗಂಟು

ಟಿ. ದಾಸರಹಳ್ಳಿಯಲ್ಲಿ ಬೆಳಗಿನ ಒಂಬತ್ತು ಗಂಟೆ. ತಲೆಯ ಮೇಲೆ ಹಸಿರು ಮಾರ್ಗದ ಮೆಟ್ರೊ ಪೀಣ್ಯದ ಕಡೆಗೆ ಹೊರಟಿದೆ. ಕೆಳಗೆ ತುಮಕೂರು ರಸ್ತೆಯ ಲಾರಿಗಳ ನಡುವೆ ದಾರಿ ಮಾಡಿಕೊಂಡು ಗಾರ್ಮೆಂಟ್ಸ್ ಹೆಂಗಸರು ಟಿಫನ್ ಬ್ಯಾಗು ಹಿಡಿದು ಓಡುತ್ತಿದ್ದಾರೆ. ಪಕ್ಕದ ಓಣಿಯ ಸ್ಕ್ಯಾನಿಂಗ್ ಸೆಂಟರಿನ ಬೆಂಚಿನಲ್ಲಿ ಕೂತ ನಾಲ್ಕೈದು ಮಂದಿ ಬಾಯಾರಿಕೆಯಿಲ್ಲದೆ ನೀರು ಕುಡಿಯುತ್ತಿದ್ದಾರೆ.

"ಇನ್ನೊಂದು ಬಾಟ್ಲಿ ಕುಡೀರಿ ಅಕ್ಕ, ಬಾತ್‌ರೂಮಿಗೆ ಹೋಗ್ಬೇಡಿ."

ಮೂತ್ರಕೋಶ ತುಂಬಿದರೆ ಕರುಳು ಪಕ್ಕಕ್ಕೆ ಸರಿಯುತ್ತದೆ. ಹಿಂದಿರುವ ಗರ್ಭಕೋಶ, ಅಂಡಾಶಯ ಕಾಣುತ್ತವೆ. ಒಳಗಿನ ಮಬ್ಬುಗತ್ತಲಲ್ಲಿ ಹೊಟ್ಟೆಗೆ ತಣ್ಣನೆಯ ಜೆಲ್, ಪರದೆಯ ಮೇಲೆ ಬೂದು ನೆರಳು. ಅಲ್ಲಿ "ಗಡ್ಡೆ" ಎಂಬ ಮಾತು ಬಿದ್ದರೆ ಸಾಕು, ಹೊರಗಿನ ಬೆಂಚೇ ಮೌನವಾಗುತ್ತದೆ.

ಇಂಥ ಗಡ್ಡೆಗಳಲ್ಲಿ ಬಹುಪಾಲು ಫೈಬ್ರಾಯ್ಡ್, ಇಲ್ಲವೇ ಅಂಡಾಶಯದ ನೀರುಗುಳ್ಳೆ. ತೀರಾ ಅಪರೂಪಕ್ಕೆ ಅದು ಎರಡೂ ಅಲ್ಲ. ಕಾಲಿಗೆ ಗಾಯವಾದಾಗ ತೊಡೆಸಂದಿನಲ್ಲಿ ಗಂಟು ಏಳುತ್ತದಲ್ಲ, ಅದೇ ಜಾತಿಯ ದುಗ್ಧರಸ ಗ್ರಂಥಿಗಳು ಕಿಬ್ಬೊಟ್ಟೆಯ ಒಳಗೋಡೆಯಲ್ಲಿ, ದೊಡ್ಡ ರಕ್ತನಾಳಗಳ ಉದ್ದಕ್ಕೂ ಇವೆ. ಅವುಗಳಲ್ಲೊಂದು ಊದಿಕೊಂಡು ಅಂಡಾಶಯಕ್ಕೆ ಒತ್ತಿ ನಿಂತರೆ ಸ್ಕ್ಯಾನಿನಲ್ಲಿ ಅಂಡಾಶಯದ ಗಡ್ಡೆಯಂತೆಯೇ ಕಾಣುತ್ತದೆ. ಹೆಸರು ಕ್ಯಾಸಲ್‌ಮನ್ ಕಾಯಿಲೆ.

ವೇಷ ಮರೆಸುವ ಗುಣ ಇದಕ್ಕೆ ಮೊದಲಿನಿಂದಲೂ ಇದೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ಬೆಂಜಮಿನ್ ಕ್ಯಾಸಲ್‌ಮನ್ 1956ರಲ್ಲಿ 13 ರೋಗಿಗಳ ವಿವರ ಪ್ರಕಟಿಸಿದಾಗ, ಅವರ ಎದೆಯೊಳಗಿನ ಗಂಟುಗಳು ಥೈಮಸ್ ಗ್ರಂಥಿಯ ಗಡ್ಡೆಯನ್ನು ಹೋಲುತ್ತಿದ್ದವು. ಇಂದಿಗೂ ಇದು ಹೆಚ್ಚಾಗಿ ಕಾಣಿಸುವುದು ಎದೆಯಲ್ಲಿ; ಕಿಬ್ಬೊಟ್ಟೆಯಲ್ಲಿ ಬಲು ವಿರಳ.

ನಿಜ ಗೊತ್ತಾಗುವುದು ಸೂಕ್ಷ್ಮದರ್ಶಕದ ಅಡಿಯಲ್ಲಿ. ಮೇಣದಲ್ಲಿ ಹುದುಗಿಸಿ ತೆಳ್ಳಗೆ ಸೀಳಿ, ನೀಲಿ-ಗುಲಾಬಿ ಬಣ್ಣ ಹಾಕಿದ ಗಂಟಿನ ತುಣುಕು ನೋಡಲು ಚೆಂದ! ಹೆಚ್ಚಾಗಿ ಕೊಯ್ದ ಈರುಳ್ಳಿಯಂತೆ ಸುತ್ತಿನ ಮೇಲೆ ಸುತ್ತು ಜೀವಕೋಶಗಳು. ನಡುವಿಗೆ ಲಾಲಿಪಾಪಿನ ಕಡ್ಡಿಯಂತೆ ಚುಚ್ಚಿಕೊಂಡ ಒಂದು ಸಣ್ಣ ರಕ್ತನಾಳ. ಕ್ಯಾನ್ಸರ್ ಅಲ್ಲ. ಒಂದೇ ಕಡೆ ಇರುವ ಗಂಟನ್ನು ಪೂರ್ತಿ ತೆಗೆದರೆ ಸಾಮಾನ್ಯವಾಗಿ ಕಾಯಿಲೆ ಅಲ್ಲಿಗೆ ಮುಗಿಯುತ್ತದೆ. ರಕ್ತ ತುಂಬಿದ ಗಂಟಾದ್ದರಿಂದ ತೆಗೆಯುವ ಕೈ ಮಾತ್ರ ಪಳಗಿದ್ದಿರಬೇಕು. ಹಲವು ಕಡೆ ಗ್ರಂಥಿಗಳು ಊದುವ ಬಗೆ ಬೇರೆ, ಅದು ಗಂಭೀರ. ಅದಕ್ಕೆ ಔಷಧಿಯ ಚಿಕಿತ್ಸೆ ಬೇಕು.

ಬೆಂಚಿನ ಮೇಲೆ ಕೂತ ಅಕ್ಕಂದಿರೇ, ಒಂದು ದಿನದ ಸಂಬಳ ಹೋಗುತ್ತದೆಂದು ಸ್ಕ್ಯಾನ್ ಮುಂದೂಡಬೇಡಿ. ಗಡ್ಡೆ ಇದೆ ಅಂದರೆ, ಅಂಡಾಶಯ ಬೇರೆಯಾಗಿ ಕಾಣುತ್ತಿದೆಯೇ ಎಂದು ಡಾಕ್ಟರನ್ನು ಕೇಳಿ. ಬಯಾಪ್ಸಿ ವರದಿ ಬರುವ ಮೊದಲೇ ಕ್ಯಾನ್ಸರ್ ಎಂದು ನೀವೇ ತೀರ್ಮಾನಿಸಿಕೊಳ್ಳಬೇಡಿ.