ನಲ್ಲಿ ಪಂಚಾಯ್ತಿಯದು, ನೀರು ಯಾರದು?

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೇಸಿಗೆ ಬಂತೆಂದರೆ ಗ್ರಾಮ ಪಂಚಾಯ್ತಿ ಕಚೇರಿಗೆ ಬರುವ ದೂರು ಬಹುಪಾಲು ಒಂದೇ: ನಲ್ಲಿಯಲ್ಲಿ ನೀರಿಲ್ಲ. ನೀರುಗಂಟಿಯನ್ನು ಕೇಳಿದರೆ ಮೋಟಾರು ಸುಟ್ಟಿದೆ ಎನ್ನುತ್ತಾನೆ, ಇಲ್ಲವೇ ಬೋರ್‌ವೆಲ್ ಬತ್ತಿದೆ ಎನ್ನುತ್ತಾನೆ. ಮೋಟಾರನ್ನು ರಿಪೇರಿ ಮಾಡಿಸಬಹುದು. ಬೋರ್‌ವೆಲ್ ಬತ್ತಿದರೆ ಪಂಚಾಯ್ತಿಗೆ ತೋಚುವ ದಾರಿ ಇನ್ನೊಂದು ಬೋರ್‌ವೆಲ್. ಸುಸ್ಥಿರ ಅಭಿವೃದ್ಧಿ ಎಂಬ ದೊಡ್ಡ ಮಾತು ಊರಿನ ಮಟ್ಟದಲ್ಲಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ತಿಳಿಯಲು ನೀರಿನ ಈ ಒಂದು ವ್ಯವಹಾರ ಸಾಕು.

ಕಾಗದದ ಮೇಲೆ ಪಂಚಾಯ್ತಿಯ ಅಧಿಕಾರಕ್ಕೆ ಬರವಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ಪಂಚಾಯ್ತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿತು. ಕುಡಿಯುವ ನೀರು ಅದರಲ್ಲೊಂದು. ಕರ್ನಾಟಕವಂತೂ 1983ರ ಕಾಯ್ದೆಯಲ್ಲೇ ಅಧಿಕಾರವನ್ನು ಜಿಲ್ಲೆಗೆ, ಮಂಡಲಕ್ಕೆ ಇಳಿಸಿತ್ತು. ಅದರ ಬೆನ್ನಿಗಿದ್ದ ಸಚಿವ ಅಬ್ದುಲ್ ನಜೀರ್ ಸಾಬ್ ಊರೂರಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಎನಿಸಿಕೊಂಡರು. ಅಂದು ಕೈಪಂಪು ಒತ್ತಿದರೆ ನೀರು ಬರುತ್ತಿದ್ದ ಸೀಮೆಯಲ್ಲಿ ಇಂದು ಸಾವಿರ ಅಡಿ ದಾಟಿ ಕೊರೆಯುತ್ತಾರೆ. ಎಷ್ಟೋ ಕಡೆ ಆ ಆಳದ ನೀರಿನಲ್ಲಿ ಫ್ಲೋರೈಡ್ ಇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದರೆ ಕುಡಿಯುವಂತಿಲ್ಲ. ಹಾಗಾಗಿ ಶುದ್ಧ ನೀರಿನ ಘಟಕ ಬೇಕು, ಅದಕ್ಕೂ ಕರೆಂಟು, ಅದಕ್ಕೂ ರಿಪೇರಿ.

ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಾಣುವುದು ಕರೆಂಟಿನ ಲೆಕ್ಕ. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಪಕ್ಕದಲ್ಲೇ ಊರಿಗೆ ಕುಡಿಯುವ ನೀರೆತ್ತುವ ಪಂಚಾಯ್ತಿ ಮೋಟಾರಿಗೆ ಬಿಲ್ಲು ಬರುತ್ತದೆ. ಎರಡೂ ಎಳೆಯುವುದು ಒಂದೇ ಅಂತರ್ಜಲವನ್ನು. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ ಎಂದು ರಾಜ್ಯದ 1999ರ ಅಂತರ್ಜಲ ಕಾಯ್ದೆ ಹೇಳುತ್ತದೆ. ಆದರೆ ಆ ಅನುಮತಿ ಪಂಚಾಯ್ತಿಯ ಕೈಯಲ್ಲಿಲ್ಲ, ಮೇಲಿನ ಅಧಿಕಾರಿಯ ಕೈಯಲ್ಲಿದೆ. ರಾತ್ರೋರಾತ್ರಿ ಯಾವುದೋ ತೋಟಕ್ಕೆ ಬೋರ್‌ವೆಲ್ ಕೊರೆಯುವ ರಿಗ್ ಲಾರಿ ಬಂದು ನಿಂತರೆ ಸದಸ್ಯರು ನೋಡುತ್ತ ನಿಲ್ಲಬೇಕು. ತೋಟ ಅವರದೇ ಆಗಿರುವುದೂ ಉಂಟು!

ದುಡ್ಡೂ ಹಾಗೆಯೇ, ಷರತ್ತು ಕಟ್ಟಿಕೊಂಡೇ ಬರುತ್ತದೆ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಕೊಡಿಸಿದ ಅನುದಾನದಲ್ಲಿ ಶೇ. 60ರಷ್ಟನ್ನು ನೀರು, ನೈರ್ಮಲ್ಯಕ್ಕೇ ಖರ್ಚು ಮಾಡಬೇಕಿತ್ತು. ಉಳಿದದ್ದನ್ನು ಊರಿನ ಬೇರೆ ಅಗತ್ಯಗಳಿಗೆ ಬಳಸಬಹುದಿತ್ತು, ಸಂಬಳಕ್ಕೆ ಮಾತ್ರ ಕೂಡದಿತ್ತು. ಜಲ ಜೀವನ್ ಮಿಷನ್ 2019ರಿಂದ ಮನೆಮನೆಗೆ ನಲ್ಲಿ ಹಾಕುತ್ತಾ ಬಂತು, ತಲೆಗೆ ದಿನಕ್ಕೆ 55 ಲೀಟರ್ ಲೆಕ್ಕದಲ್ಲಿ. ನಲ್ಲಿ ಹಾಕಿದ ಮೇಲೆ ಅದನ್ನು ನಡೆಸುವ ಭಾರ ಪಂಚಾಯ್ತಿಯದು. ನೀರಿನ ಕಂದಾಯ ಏರಿಸೋಣವೆಂದರೆ ಸದಸ್ಯರೇ ಒಪ್ಪುವುದಿಲ್ಲ. ಪಕ್ಷದ ಚಿಹ್ನೆಯಿಲ್ಲದ ಪಂಚಾಯ್ತಿ ಚುನಾವಣೆಯಲ್ಲಿ ಮತ ಹಾಕುವವರು ನೆಂಟರು, ನೆರೆಯವರು. ಬಾಕಿ ಕೇಳಲು ಯಾರು ಬಾಗಿಲು ತಟ್ಟುತ್ತಾರೆ? ಈ ಒಂದು ವಿಷಯದಲ್ಲಿ ತಪ್ಪನ್ನು ಮೇಲಿನವರ ತಲೆಗೆ ಕಟ್ಟುವಂತಿಲ್ಲ.

ಉಳಿದ ದಾರಿಯೆಂದರೆ ಕೆರೆ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ಸಂಸ್ಥೆಗಳ ಪಾಲಿಗೆ ಬಂದಿವೆ. ಹೂಳೆತ್ತಿಸಬಹುದು, ಗೋಡು ರೈತರ ಹೊಲಕ್ಕೆ ಹೋಗುತ್ತದೆ. ಆದರೆ ಕೆರೆಗೆ ನೀರು ತರುವ ರಾಜಕಾಲುವೆ ಪಕ್ಕದ ಪಂಚಾಯ್ತಿಯಲ್ಲಿರಬಹುದು, ಅರ್ಧ ಒತ್ತುವರಿಯಾಗಿರಬಹುದು. ಸರ್ವೆ ಮಾಡಿಸಲು ತಹಶೀಲ್ದಾರರ ಕಚೇರಿಗೆ ಅಲೆಯಬೇಕು. ಕಾಲುವೆ ಬಿಡಿಸಿ, ಕೆರೆ ತುಂಬಿ, ಸುತ್ತಲ ಬೋರ್‌ವೆಲ್‌ಗೆ ನೀರು ಏರಲು ಕೆಲವು ಮಳೆಗಾಲವಾದರೂ ಬೇಕು. ಅಧ್ಯಕ್ಷರಿಗಿರುವ ಅವಧಿ ಎರಡೂವರೆ ವರ್ಷ, ರಿಗ್ ಕರೆಸಿದರೆ ಎರಡೇ ದಿನದಲ್ಲಿ ನೀರು.