ಅಮಾಲಾ ಮತ್ತು ನಮ್ಮ ಇನ್ನೂರು ಪುಟದ ನೋಟ್‌ಬುಕ್

ಕುಶಾಲನಗರದಲ್ಲಿ ಹುಟ್ಟಿ ಬೆಳೆದವರಿಗೆ ಕಾವೇರಿ ಸೇತುವೆ ದಾಟೋದು ಅಂದ್ರೆ ಪಕ್ಕದ ಬೀದಿಗೆ ಹೋಗಿ ಬಂದ ಹಾಗೆ. ಈ ಕಡೆ ಕೊಡಗು, ಆ ಕಡೆ ಕೊಪ್ಪ, ಅಂದರೆ ಮೈಸೂರು ಜಿಲ್ಲೆ. ಅಲ್ಲಿಂದ ಆಟೊ ಹತ್ತಿದರೆ ಸ್ವಲ್ಪ ಹೊತ್ತಿಗೇ ಮುಸುಕಿನ ಜೋಳದ ಹೊಲಗಳ ನಡುವೆ ಬಣ್ಣಬಣ್ಣದ ಪ್ರಾರ್ಥನಾ ಬಾವುಟಗಳು ಕಾಣಿಸುತ್ತವೆ. ಅದೇ ಬೈಲಕುಪ್ಪೆ. ಕೊಡಗಿಗೆ ಪ್ರವಾಸ ಬಂದವರು ಗೋಲ್ಡನ್ ಟೆಂಪಲ್ ಮುಂದೆ ಫೋಟೊ ತೆಗೆಸಿಕೊಂಡು, ಒಂದು ಪ್ಲೇಟ್ ಮೊಮೊ ತಿಂದು ಹೊರಡುತ್ತಾರೆ. ಇಷ್ಟು ಹತ್ತಿರದಲ್ಲಿದ್ದೂ ಎಂಜಿನಿಯರಿಂಗ್ ಕೊನೆಯ ವರ್ಷದವರೆಗೆ ನಾನು ಮಾಡಿದ್ದೂ ಅಷ್ಟೇ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಟಿಬೆಟನ್ನರು ಹಿಮಾಲಯ ದಾಟಿ ಬಂದರು. ಅವರಿಗೆ ನೆಲೆ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ, ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕೊಟ್ಟಿತು. ಅದು ಆಗ ಕಾಡು. ಚಳಿ ನಾಡಿನಿಂದ ಬಂದವರು ಇಲ್ಲಿಯ ಬಿಸಿಲಿನಲ್ಲಿ ಮರ ಕಡಿದು, ಆನೆ ಕಾಟ ಸಹಿಸಿ, ಜೋಳ ಬೆಳೆಯಲು ಕಲಿತರು. ಹೊಲದ ಆದಾಯ ಸಾಲದಾದಾಗ ಕೈಹಿಡಿದದ್ದು ಕೈಕಸುಬು. ಡಾರ್ಜಿಲಿಂಗ್‌ನಲ್ಲಿ 1959ರಲ್ಲೇ ಟಿಬೆಟನ್ ನಿರಾಶ್ರಿತರ ಸ್ವಸಹಾಯ ಕೇಂದ್ರ ಶುರುವಾಗಿತ್ತು. ಮುಂದೆ ನೇಪಾಳದಲ್ಲೂ ಭಾರತದ ಬೇರೆ ಬೇರೆ ವಸತಿಗಳಲ್ಲೂ ಕಾರ್ಪೆಟ್ ನೇಯ್ಗೆ ಎಷ್ಟೋ ಹೆಂಗಸರ ಮನೆ ನಡೆಸಿತು.

2017ರಲ್ಲಿ ನಾವು ಐದು ಜನ ಸಹಪಾಠಿಗಳು ಕಾಲೇಜಿನ ಸಮಾಜಸೇವೆ ಪ್ರಾಜೆಕ್ಟ್‌ಗೆ ಬೈಲಕುಪ್ಪೆಯನ್ನೇ ಆರಿಸಿಕೊಂಡೆವು. ಕ್ಯಾಂಪಿನ ಒಂದು ಮನೆಯ ಹಿಂದಿನ ಶೆಡ್ಡಿನಲ್ಲಿ ಏಳು ಹೆಂಗಸರು ಒಟ್ಟಿಗೆ ಕೂತು ನೇಯುತ್ತಿದ್ದರು. ಅವರಲ್ಲಿ ಹಿರಿಯರನ್ನು ಎಲ್ಲರೂ ‘ಅಮಾಲಾ’ ಅಂತ ಕರೆಯುತ್ತಿದ್ದರು. ಟಿಬೆಟನ್ ಭಾಷೆಯಲ್ಲಿ ಅಮ್ಮ ಎನ್ನುವುದರ ಗೌರವದ ರೂಪ ಅದು. ಅವರಿಗೆ ಸಂತೆಯ ಕನ್ನಡ ಚೆನ್ನಾಗಿ ಬರುತ್ತಿತ್ತು.

ಅವರ ಮಗ್ಗ ನೇರ ನಿಂತಿರುತ್ತದೆ. ಹತ್ತಿಯ ಹಾಸು, ಅದರ ಮೇಲೆ ಉಣ್ಣೆಯ ಗಂಟು. ಹಾಸಿನ ಎದುರು ಒಂದು ಕಬ್ಬಿಣದ ಸರಳು ಅಡ್ಡ ಹಿಡಿದು, ಉಣ್ಣೆಯನ್ನು ಹಾಸಿಗೂ ಸರಳಿಗೂ ಸುತ್ತುತ್ತಾ ಹೋಗುತ್ತಾರೆ. ಸಾಲು ಮುಗಿದ ಮೇಲೆ ಸುತ್ತುಗಳನ್ನು ಚಾಕುವಿನಿಂದ ಕತ್ತರಿಸಿದರೆ ಸರಳು ಹೊರಬರುತ್ತದೆ, ಉಣ್ಣೆ ಎದ್ದು ನಿಲ್ಲುತ್ತದೆ. ಹೊಕ್ಕು ಹಾಕಿ ಮರದ ಸುತ್ತಿಗೆಯಿಂದ ಬಡಿದು ಮುಂದಿನ ಸಾಲು. ಮೂರಡಿ ಅಗಲ, ಆರಡಿ ಉದ್ದದ ಒಂದು ಕಾರ್ಪೆಟ್ಟಿಗೆ ಅಮಾಲಾಗೆ ಮೂರು ವಾರ ಹಿಡಿಯುತ್ತಿತ್ತು.

ನಾವು ಕಂಪ್ಯೂಟರ್ ಸೈನ್ಸ್‌ನವರು. ನಮ್ಮ ಕಣ್ಣಿಗೆ ಕಂಡ ಪರಿಹಾರ ಒಂದೇ, ವೆಬ್‌ಸೈಟ್! ಎರಡು ವಾರದಲ್ಲಿ ಫೋಟೊ ತೆಗೆದು, ಅಂದವಾದ ಪುಟ ಮಾಡಿ ನೆಟ್‌ಗೆ ಹಾಕಿದೆವು. ದೊಡ್ಡ ಆನ್‌ಲೈನ್ ಅಂಗಡಿಗಳಲ್ಲಿ ಮಾರೋಣ ಅಂದ್ರೆ ಜಿಎಸ್‌ಟಿ ನಂಬರ್ ಕೇಳುತ್ತಿದ್ದರು. ಹಾಗಾಗಿ ಪರಿಚಯದವರ ಮೂಲಕವೇ ಹುಡುಕಿದೆವು. ಬೆಂಗಳೂರಿನ ಒಂದು ಕಂಪನಿಯವರು ಉದ್ಯೋಗಿಗಳಿಗೆ ಉಡುಗೊರೆ ಕೊಡಲು ಅರವತ್ತು ಲ್ಯಾಪ್‌ಟಾಪ್ ಚೀಲ ಕೇಳಿದರು. ಡಿಸೆಂಬರ್ ಮೊದಲ ವಾರ ಆರ್ಡರ್, ಜನವರಿ ಕೊನೆಗೆ ಡೆಲಿವರಿ. ಖುಷಿಯಲ್ಲಿ ಫೋನಿನಲ್ಲೇ ಒಪ್ಪಿಕೊಂಡೆವು. ಅಮಾಲಾ ನಮ್ಮ ಮಾತು ನಂಬಿ ಹದಿನೆಂಟು ಸಾವಿರ ರೂಪಾಯಿಯ ಉಣ್ಣೆ ಸಾಲ ತಂದರು.

ಒಂದು ಮಾತು ನಾವು ಕೇಳಿರಲೇ ಇಲ್ಲ: ಚಳಿಗಾಲದಲ್ಲಿ ನೀವೆಲ್ಲ ಊರಲ್ಲಿರ್ತೀರಾ? ಊರೂರಿನ ಫುಟ್‌ಪಾತ್ ಮೇಲೆ ಸ್ವೆಟರ್ ಮಾರುವ ಟಿಬೆಟನ್ನರನ್ನು ನೀವು ನೋಡಿರುತ್ತೀರಿ. ಎಷ್ಟೋ ಕುಟುಂಬಗಳಿಗೆ ವರ್ಷದ ದೊಡ್ಡ ಸಂಪಾದನೆ ಅದೇ. ಏಳು ಜನರಲ್ಲಿ ನಾಲ್ವರು ಸ್ವೆಟರ್ ಮಾರಲು ಹೋಗಿಯಾಗಿತ್ತು. ಜನವರಿ ಮುಗಿದಾಗ ತಯಾರಾಗಿದ್ದು ಇಪ್ಪತ್ತಾರು ಚೀಲ. ಫೆಬ್ರವರಿಯಲ್ಲಿ ಅವರ ಹೊಸ ವರ್ಷ ಲೋಸರ್. ಆಗ ಮಗ್ಗಕ್ಕೆ ರಜಾ. ಕಂಪನಿಯವರು ಉಳಿದ ಆರ್ಡರ್ ರದ್ದು ಮಾಡಿದರು. ಅವರ ತಪ್ಪೇನೂ ಇರಲಿಲ್ಲ, ಮಾತು ಕೊಟ್ಟವರು ನಾವು. ಉಣ್ಣೆಯ ಸಾಲ ಮಾತ್ರ ಅಮಾಲಾ ಹೆಸರಲ್ಲಿತ್ತು.

ಆ ದಿನ ಶೆಡ್ಡಿಗೆ ಹೋಗಲು ಕಾಲೇ ಬರಲಿಲ್ಲ. ಹೋದಾಗ ಅಮಾಲಾ ಬೈಯಲಿಲ್ಲ. ಬೆಣ್ಣೆ ಚಹಾ ಬಗ್ಗಿಸಿ ಕೊಟ್ಟು, “ನೀವು ಕಂಪ್ಯೂಟರ್ ತಂದ್ರಿ, ಸರಿ. ನಮ್ಮನ್ನ ಒಂದು ಮಾತು ಕೇಳಬೇಕಿತ್ತು ಅಲ್ವಾ ಮಗಾ?” ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಐದೂ ಜನ ಕೈಯಲ್ಲಿದ್ದ ಹಣ ಸೇರಿಸಿ ಅರ್ಧ ಸಾಲ ತೀರಿಸಿದೆವು. ಉಳಿದ ಉಣ್ಣೆಯಲ್ಲಿ ಏನು ಮಾಡಬಹುದು ಎಂದು ಲೆಕ್ಕ ಹಾಕಲು ಒಂದು ಇನ್ನೂರು ಪುಟದ ನೋಟ್‌ಬುಕ್ ತಂದೆವು. ಉಣ್ಣೆಗೆ ಎಷ್ಟು, ಅಸ್ತರಿಗೆ ಎಷ್ಟು, ಜಿಪ್ಪಿಗೆ ಎಷ್ಟು, ಕೊರಿಯರ್‌ಗೆ ಎಷ್ಟು ಅಂತ ಬರೆದೆವು. “ನಿಮ್ಮ ಕೂಲಿ?” ಅಂದೆ. “ಮನೇಲಿ ಕೂತು ಮಾಡೋ ಕೆಲಸಕ್ಕೆ ಏನು ಕೂಲಿ?” ಅಂದರು. ಈ ಮಾತು ನನ್ನ ಅಮ್ಮನ ಬಾಯಲ್ಲೂ ಕೇಳಿದ್ದೆ. ನಿಮ್ಮ ಮನೆಯಲ್ಲೂ ಕೇಳಿರಬಹುದು.

ಅವರು ಕಾರ್ಪೆಟ್ ಮಾರುತ್ತಿದ್ದ ಬೆಲೆಯಿಂದ ಖರ್ಚು ಕಳೆದು ದಿನಕ್ಕೆ ಭಾಗ ಮಾಡಿ ತೋರಿಸಿದೆ. ನಮ್ಮ ಕಡೆ ಕಾಫಿ ತೋಟದಲ್ಲಿ ಹಣ್ಣು ಕುಯ್ಯುವವರಿಗೆ ಸಿಗುವ ದಿನಗೂಲಿಯ ಅರ್ಧವೂ ಇರಲಿಲ್ಲ. ಶೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಏಳೂ ಜನ ಟಿಬೆಟನ್‌ನಲ್ಲಿ ಒಟ್ಟಿಗೇ ಜೋರಾಗಿ ಮಾತಾಡತೊಡಗಿದರು!

ಅವತ್ತು ಅವರೇ ಕೂತು ಮೂರು ನಿಯಮ ಮಾಡಿಕೊಂಡರು. ಅರ್ಧ ಹಣ ಮುಂಗಡ ಬರದೆ ಉಣ್ಣೆ ತರಬಾರದು. ಸ್ವೆಟರ್ ಕಾಲದಲ್ಲೂ ಲೋಸರ್‌ನಲ್ಲೂ ಆರ್ಡರ್ ಬೇಡ. ಪ್ರತಿ ಸಾಮಾನಿನ ಬೆಲೆಯಲ್ಲಿ ದಿನಗೂಲಿ ಸೇರಿರಲೇಬೇಕು. ದೊಡ್ಡ ಕಾರ್ಪೆಟ್ಟಿನ ಜೊತೆಗೆ ಕುರ್ಚಿ ಮೇಲೆ ಹಾಸುವ ಚಿಕ್ಕ ಚೌಕಗಳನ್ನು ಮಾಡೋಣ ಎಂದವರು ಅವರಲ್ಲೇ ಕಿರಿಯ ಹೆಂಗಸು. ಪ್ರವಾಸಿಗರ ಬ್ಯಾಗಿನಲ್ಲಿ ಅಷ್ಟೇ ತಾನೆ ಹಿಡಿಯೋದು! ನಾವು ಮಾಡಿದ್ದು ಇಷ್ಟೇ: ದರಪಟ್ಟಿಯನ್ನು ಕನ್ನಡ, ಇಂಗ್ಲಿಷಿನಲ್ಲಿ ಬರೆದುಕೊಟ್ಟೆವು, ಪಿಯುಸಿ ಮುಗಿಸಿದ್ದ ಒಬ್ಬರ ಮಗಳಿಗೆ ವಾಟ್ಸಾಪ್‌ನಲ್ಲಿ ಆರ್ಡರ್ ತಗೊಳ್ಳೋದು, ನೋಟ್‌ಬುಕ್ ತುಂಬೋದು ಕಲಿಸಿದೆವು.

ಡಿಗ್ರಿ ಮುಗೀತು, ಕೆಲಸ ಸಿಕ್ಕಿತು, ಬೆಂಗಳೂರು ಸೇರಿದೆವು. ಮಾರನೇ ವರ್ಷ ಹಣ ಕಟ್ಟುವುದನ್ನು ಎಲ್ಲರೂ ಮರೆತು ವೆಬ್‌ಸೈಟ್ ನಿಂತೇ ಹೋಯಿತು. ವಿದ್ಯಾರ್ಥಿಗಳ ಸಹಾಯಕ್ಕೆ ಸೆಮಿಸ್ಟರ್ ಲೆಕ್ಕದ ಆಯುಸ್ಸು. ನಾವು ಎದ್ದು ಹೋದ ಮೇಲೂ ಅವರ ಕೈಯಲ್ಲಿ ಏನು ಉಳಿಯುತ್ತೆ ಅಂತ ಮೊದಲ ದಿನವೇ ಯೋಚಿಸಬೇಕಿತ್ತು.

ಹೋದ ವರ್ಷ ಊರಿಗೆ ಹೋದಾಗ ಶೆಡ್ಡಿಗೆ ಹೋಗಿದ್ದೆ. ಏಳರಲ್ಲಿ ನಾಲ್ಕು ಮಗ್ಗ ಮಾತ್ರ ನಡೆಯುತ್ತಿವೆ. ಇಬ್ಬರು ಮಕ್ಕಳ ಜೊತೆ ವಿದೇಶಕ್ಕೆ ಹೋಗಿದ್ದಾರೆ, ಒಬ್ಬರಿಗೆ ಕಣ್ಣು ಮಂಜಾಗಿದೆ. ಹೊಸಬರು ಕಲಿಯಲು ಬರುತ್ತಿಲ್ಲ. ಅದಕ್ಕೆ ನನ್ನ ಹತ್ತಿರ ಪರಿಹಾರವಿಲ್ಲ. ಆದರೆ ನೋಟ್‌ಬುಕ್ ಈಗ ನಾಲ್ಕನೆಯದು. ನನ್ನ ಮನೆಗೊಂದು ಕಾರ್ಪೆಟ್ ಬೇಕು ಅಂದೆ. ಅಮಾಲಾ ಕನ್ನಡಕ ಏರಿಸಿ ಪುಟ ತಿರುವಿ, “ಮಾರ್ಚ್ ಆದ ಮೇಲೆ. ಅರ್ಧ ದುಡ್ಡು ಈಗ್ಲೇ” ಅಂದರು. ಗೂಗಲ್ ಪೇ ಕೋಡ್ ಗೋಡೆ ಮೇಲೇ ಇತ್ತು.

ನೀವು ಮುಂದಿನ ಸಲ ಕೊಡಗಿಗೆ ಹೊರಟರೆ ಬೈಲಕುಪ್ಪೆಯಲ್ಲಿ ಮೊಮೊ ತಿಂದ ಮೇಲೆ ಒಂದರ್ಧ ಗಂಟೆ ಉಳಿಸಿಕೊಳ್ಳಿ. ಕಾರ್ಪೆಟ್ ಕೊಳ್ಳುವಾಗ ತಿರುಗಿಸಿ ಹಿಂಬದಿ ನೋಡಿ. ಕೈಯಲ್ಲಿ ನೇಯ್ದದ್ದಾದರೆ ಮುಂದಿನ ಚಿತ್ತಾರ ಹಿಂದೆಯೂ ಗಂಟುಗಂಟಾಗಿ ಕಾಣುತ್ತದೆ. ಹಿಂದೆ ಬಟ್ಟೆಯನ್ನೋ ರಬ್ಬರನ್ನೋ ಅಂಟಿಸಿದ್ದರೆ ಅನುಮಾನಿಸಿ. ಬೆಲೆ ಜಾಸ್ತಿ ಅನಿಸಿದರೆ ಚೌಕಾಸಿಗೆ ಮುಂಚೆ ‘ಎಷ್ಟು ದಿನ ಹಿಡೀತು?’ ಅಂತ ಒಂದು ಮಾತು ಕೇಳಿ. ಉತ್ತರ ಕೇಳಿದ ಮೇಲೂ ಚೌಕಾಸಿ ಮಾಡಬೇಕು ಅನಿಸಿದರೆ ಮಾಡಿ.