ಮರುಭೂಮಿಯಲ್ಲಿ ತಣಿಯದ ಮಡಕೆ

ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಬೇಸಗೆ ಕಾಲಿಟ್ಟಿತೆಂದರೆ ಮನೆಯ ಮೂಲೆಯಲ್ಲಿ ಮರಳು ಹಾಸಿ, ಅದರ ಮೇಲೆ ಹೊಸ ಮಡಕೆಯನ್ನು ಕೂರಿಸಿ ನೀರು ತುಂಬಿಡುವುದು ವಾಡಿಕೆ. ಹೊರಗೆ ಕಲ್ಲುಬಂಡೆಗಳು ಕಾದು ಕೆಂಡದಂತಾಗಿದ್ದರೂ ಮಡಕೆಯೊಳಗಿನ ನೀರು ತಣ್ಣಗೆ ಇರುತ್ತದೆ. ಇದನ್ನು ನಾವೆಲ್ಲರೂ ಬಾಲ್ಯದಿಂದ ಕಂಡಿದ್ದೇವೆ. ಕಂಡದ್ದರಿಂದಲೇ ಅದರ ಕಾರಣವನ್ನು ಕೇಳುವುದನ್ನು ಮರೆತಿದ್ದೇವೆ.

ನಮ್ಮಲ್ಲಿ ಭೌತವಿಜ್ಞಾನವನ್ನು ಓದಿದ ಹೊಸದುರ್ಗದ ಕಡೆಯ ತರುಣನೊಬ್ಬನು ಈಗ ದುಬೈ ನಗರದಲ್ಲಿ ವಾಸವಾಗಿದ್ದಾನೆ. ಅವನ ಹೆಂಡತಿಗೆ ಅಲ್ಲಿ ಉದ್ಯೋಗ. ಅವನಿಗೆ ಸಂಬಳ ಕೊಡುವ ಸಂಸ್ಥೆಯಾದರೋ ಬೆಂಗಳೂರಿನಲ್ಲಿದೆ. ಬೆಳಗ್ಗೆ ಬೆಂಗಳೂರಿನಲ್ಲಿ ಒಂಬತ್ತೂವರೆ ಗಂಟೆಯಾದಾಗ ದುಬೈಯಲ್ಲಿ ಎಂಟು ಗಂಟೆ. ಆ ಹೊತ್ತಿಗೆ ಅವನು ಬಾಡಿಗೆ ಮನೆಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತರೆ, ಎರಡು ಸಾವಿರ ಕಿಲೋಮೀಟರಿಗೂ ದೂರದಲ್ಲಿರುವ ಕಚೇರಿಯ ಕೆಲಸ ಆರಂಭವಾಗುತ್ತದೆ. ಹೊರದೇಶದ ಸಂಸ್ಥೆಗಳಲ್ಲಿ ದುಡಿಯುವವರು ಒಂದು ವರ್ಷ ಕಾಲ ತನ್ನಲ್ಲಿ ನೆಲಸಿ ಅಲ್ಲಿಂದಲೇ ಕೆಲಸ ಮಾಡಲು ಅವಕಾಶ ಕೊಡುವ ಯೋಜನೆಯನ್ನು ದುಬೈ 2020ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಅಂದಿನಿಂದ ಇಂಥ ಬಾಳುವೆ ಅಲ್ಲಿ ಅಪೂರ್ವವಾಗಿ ಉಳಿದಿಲ್ಲ.

ಕಳೆದ ಆಗಸ್ಟಿನಲ್ಲಿ ಈ ತರುಣನಿಂದ ನಮಗೊಂದು ಪತ್ರ ಬಂದಿತು. "ಸರ್, ಊರಿನಿಂದ ಒಂದು ಮಡಕೆಯನ್ನು ಜೋಪಾನವಾಗಿ ತಂದಿದ್ದೆ. ಮನೆಯ ಮೊಗಸಾಲೆಯಲ್ಲಿ ನೆರಳು ನೋಡಿ ಇಟ್ಟೆ. ಮೂರು ದಿನವಾಯಿತು, ನೀರು ತಣ್ಣಗಾಗಲೊಲ್ಲದು. ಮಡಕೆಯಲ್ಲಿ ದೋಷವೋ, ಈ ಊರಿನಲ್ಲಿ ದೋಷವೋ?" ಎಂದು ಕೇಳಿದ್ದನು. ಪ್ರಶ್ನೆ ಚಿಕ್ಕದು. ಆದರೆ ಅದಕ್ಕೆ ಉತ್ತರವನ್ನು ಹುಡುಕುತ್ತ ಹೋದರೆ ಮರುಭೂಮಿಯ ನಡುವೆ ಒಂದು ಸಿರಿವಂತ ನಗರವು ಹೇಗೆ ಉಸಿರಾಡುತ್ತದೆಂಬುದೇ ತಿಳಿದುಬರುತ್ತದೆ.

ಮಡಕೆಯ ಗುಟ್ಟು

ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದ ಅಸಂಖ್ಯಾತ ರಂಧ್ರಗಳಿವೆ. ಅವುಗಳ ಮೂಲಕ ನೀರು ಹೊರಮೈಗೆ ಜಿನುಗಿ ಆವಿಯಾಗುತ್ತದೆ. ಒಂದು ಲೀಟರು ನೀರು ಆವಿಯಾಗಬೇಕಾದರೆ ಸುಮಾರು 2,400 ಕಿಲೋಜೂಲ್ ಉಷ್ಣ ಬೇಕು. ಇದನ್ನು ಗುಪ್ತೋಷ್ಣವೆಂದು ಕರೆಯುತ್ತೇವೆ. ಜಿನುಗಿದ ನೀರು ಈ ಉಷ್ಣದ ಬಹುಪಾಲನ್ನು ಮಡಕೆಯಿಂದಲೂ ಒಳಗಿನ ನೀರಿನಿಂದಲೂ ಕಸಿದುಕೊಂಡು ಹೋಗುತ್ತದೆ. ಆದುದರಿಂದ ಒಳಗಿನ ನೀರು ತಣಿಯುತ್ತದೆ.

ಎಷ್ಟರ ಮಟ್ಟಿಗೆ ತಣಿಯಬಲ್ಲದು? ಇದು ಮಡಕೆಯನ್ನಲ್ಲ, ಗಾಳಿಯನ್ನು ಅವಲಂಬಿಸಿದೆ. ಥರ್ಮಾಮೀಟರಿನ ಬುರುಡೆಗೆ ಒದ್ದೆ ಬಟ್ಟೆಯನ್ನು ಸುತ್ತಿ ಗಾಳಿ ಬೀಸಿದರೆ ಪಾದರಸವು ಕೆಳಗಿಳಿದು ಒಂದೆಡೆ ನಿಲ್ಲುತ್ತದೆ. ಅದೇ ಒದ್ದೆ ಬುರುಡೆಯ ಉಷ್ಣತೆ. ಮಡಕೆಯ ನೀರು ಇದಕ್ಕಿಂತ ಕೆಳಕ್ಕೆ ಇಳಿಯಲಾರದು. ಏಪ್ರಿಲ್ ತಿಂಗಳ ಮಧ್ಯಾಹ್ನ ಹಿರಿಯೂರಿನಲ್ಲಿ ಉಷ್ಣತೆ 38 ಡಿಗ್ರಿ ಸೆಲ್ಸಿಯಸ್ ಇದ್ದು, ಗಾಳಿಯ ಆರ್ದ್ರತೆ ನೂರಕ್ಕೆ 20ರಷ್ಟಿದೆಯೆಂದು ಇಟ್ಟುಕೊಳ್ಳೋಣ. ಆಗ ಒದ್ದೆ ಬುರುಡೆಯ ಉಷ್ಣತೆ ಸುಮಾರು 21 ಡಿಗ್ರಿ. ಮಡಕೆಗೆ 17 ಡಿಗ್ರಿಗಳಷ್ಟು ಇಳಿಯುವ ಅವಕಾಶವಿದೆ.

ಇನ್ನು ದುಬೈಯನ್ನು ನೋಡೋಣ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 100 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ನಮ್ಮ ಜಿಲ್ಲೆ ಬರದ ನಾಡೆಂದು ಹೆಸರು ಪಡೆದಿದ್ದರೂ ಇಲ್ಲಿ ಅದರ ಐದಾರು ಪಟ್ಟು ಮಳೆಯಾಗುತ್ತದೆ. ಮಳೆಯಿಲ್ಲದ ಊರಿನ ಗಾಳಿ ಒಣಗಿರಬೇಕೆಂದು ಯಾರಿಗಾದರೂ ತೋರುವುದು ಸಹಜ. ಆದರೆ ದುಬೈ ಕಡಲ ದಡದ ಮರುಭೂಮಿ. ಅದರೆದುರಿನ ಕೊಲ್ಲಿ ಬಹಳ ಆಳವಿಲ್ಲದ ಸಮುದ್ರ. ಅದರ ಸರಾಸರಿ ಆಳ ಸುಮಾರು 35 ಮೀಟರು ಮಾತ್ರ. ಬೇಸಗೆಯಲ್ಲಿ ಅದರ ಮೇಲ್ಮೈ ನೀರು 33–35 ಡಿಗ್ರಿಯವರೆಗೆ ಕಾಯುತ್ತದೆ. ಆ ನೀರಿನಿಂದ ಏಳುವ ಆವಿಯನ್ನು ಹಗಲಿನ ಕಡಲಗಾಳಿ ಹೊತ್ತು ದಡಕ್ಕೆ ತರುತ್ತದೆ. ಆದರೂ ಮಳೆ ಬೀಳದು. ಏಕೆಂದರೆ ಮೇಲಿನ ವಾಯುಮಂಡಲದಲ್ಲಿ ಒಣಗಾಳಿ ಕೆಳಮುಖವಾಗಿ ಇಳಿಯುತ್ತಿದ್ದು, ಆವಿಯು ಮೇಲೇರಿ ಮೋಡ ಕಟ್ಟಲು ಬಿಡುವುದಿಲ್ಲ.

ಆಗಸ್ಟಿನ ಒಂದು ಸಂಜೆ ಅಲ್ಲಿ ಉಷ್ಣತೆ 36 ಡಿಗ್ರಿ, ಆರ್ದ್ರತೆ ನೂರಕ್ಕೆ 65 ಎಂದು ಹಿಡಿಯೋಣ. ಒದ್ದೆ ಬುರುಡೆಯ ಉಷ್ಣತೆ ಸುಮಾರು 30 ಡಿಗ್ರಿಯಾಗುತ್ತದೆ. ಮಡಕೆ ಎಷ್ಟೇ ಚೆನ್ನಾಗಿದ್ದರೂ ನೀರು ಅದಕ್ಕಿಂತ ತಣ್ಣಗಾಗದು. ದೋಷ ಮಡಕೆಯದಲ್ಲ.

ಮನುಷ್ಯನೂ ಒಂದು ಮಡಕೆ

ಮಡಕೆಯ ಮಾತು ಇಲ್ಲಿಗೇ ಮುಗಿದಿದ್ದರೆ ಅದು ಬರಿಯ ಕುತೂಹಲದ ವಿಷಯವಾಗುತ್ತಿತ್ತು. ಆದರೆ ನಮ್ಮ ಶರೀರವೂ ತಣಿಯುವುದು ಇದೇ ನಿಯಮದಿಂದಲೇ. ಗುದ್ದಲಿ ಹಿಡಿದು ದುಡಿಯುವವನ ಮೈಯಲ್ಲಿ ಸೆಕೆಂಡಿಗೆ 500 ಜೂಲ್‌ನಷ್ಟು ಉಷ್ಣ ಹುಟ್ಟಬಹುದು. ಅದನ್ನು ಬೆವರಿನಿಂದಲೇ ಹೊರಹಾಕಬೇಕಾದರೆ ಗಂಟೆಗೆ ಮುಕ್ಕಾಲು ಲೀಟರು ಬೆವರು ಆವಿಯಾಗಬೇಕು. ಆವಿಯಾಗಬೇಕು ಎಂಬುದನ್ನು ವಾಚಕರು ಗಮನಿಸಬೇಕು. ಹರಿದು ನೆಲಕ್ಕೆ ಬಿದ್ದ ಬೆವರಿನಿಂದ ಹೆಚ್ಚು ಪ್ರಯೋಜನವಿಲ್ಲ.

ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಒದ್ದೆ ಬುರುಡೆಯ ಉಷ್ಣತೆಯೂ ಅಷ್ಟೇ ಆದರೆ, ನೆರಳಿನಲ್ಲಿ ಸುಮ್ಮನೆ ಕುಳಿತವನೂ ತನ್ನ ಮೈಯ ಉಷ್ಣವನ್ನು ಹೊರಹಾಕಲಾರನು. ಕೆಲವು ಗಂಟೆಗಳಲ್ಲಿ ಪ್ರಾಣಕ್ಕೆ ಸಂಚಕಾರ ಒದಗುತ್ತದೆ. ಇದು ಲೆಕ್ಕದಿಂದ ದೊರೆತ ಮಿತಿ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾನಿಲಯದವರು ಆರೋಗ್ಯವಂತ ತರುಣರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಆರ್ದ್ರವಾದ ಗಾಳಿಯಲ್ಲಿ ಈ ಮಿತಿ 31 ಡಿಗ್ರಿಯ ಆಸುಪಾಸಿನಲ್ಲಿಯೇ ಕಂಡುಬಂದಿತು. ಮೇಲೆ ನಾವು ಹಿಡಿದ ಆಗಸ್ಟ್ ಸಂಜೆಯ ಲೆಕ್ಕ ಇದಕ್ಕೆ ಎಷ್ಟು ಹತ್ತಿರವೆಂಬುದನ್ನು ನೋಡಿರಿ.

ಈ ಕಾರಣದಿಂದಲೇ ಅಲ್ಲಿಯ ಸರ್ಕಾರವು ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯವರೆಗೆ ಬಯಲಿನ ಬಿಸಿಲಿನಲ್ಲಿ ಕೆಲಸ ಮಾಡಿಸುವುದನ್ನು ನಿಷೇಧಿಸಿದೆ. ಆದರೆ ಸೂರ್ಯನು ಇಳಿದ ಮಾತ್ರಕ್ಕೆ ಆರ್ದ್ರತೆ ಇಳಿಯುವುದಿಲ್ಲ. ಉಷ್ಣತೆ ತಗ್ಗಿದಂತೆ ಅದು ಸಾಮಾನ್ಯವಾಗಿ ಏರುತ್ತದೆ. ಕಂಪ್ಯೂಟರಿನ ಕೆಲಸವನ್ನು ಎಲ್ಲಿ ಬೇಕಾದರೂ ಕುಳಿತು ಮಾಡಬಹುದು. ಗಾರೆಯ ಕೆಲಸವನ್ನು ಗೋಡೆಯ ಎದುರಿನಲ್ಲಿಯೇ ಮಾಡಬೇಕು.

ಕೋಣೆಯ ತಂಪು

ನಮ್ಮ ತರುಣನ ಕೋಣೆ 4 ಮೀಟರು ಉದ್ದ, 3 ಮೀಟರು ಅಗಲ, 3 ಮೀಟರು ಎತ್ತರವೆಂದರೆ ಅದರಲ್ಲಿ 36 ಘನಮೀಟರು ಗಾಳಿಯಿದೆ. ಹೊರಗಿನ ಗಾಳಿಯ ಪ್ರತಿ ಘನಮೀಟರಿನಲ್ಲಿ ಸುಮಾರು 27 ಗ್ರಾಂ ನೀರಾವಿ ಇರುತ್ತದೆ. ಅದನ್ನು 24 ಡಿಗ್ರಿಗೆ ಇಳಿಸಿ ಆರ್ದ್ರತೆಯನ್ನು ನೂರಕ್ಕೆ 50ಕ್ಕೆ ತಂದರೆ ಉಳಿಯುವುದು 11 ಗ್ರಾಂ. ಕೋಣೆಯ ಗಾಳಿ ಒಮ್ಮೆ ಪೂರ್ತಿ ಬದಲಾದರೆ ಅರ್ಧ ಲೀಟರಿಗೂ ಹೆಚ್ಚು ನೀರನ್ನು ಹಿಂಡಿ ತೆಗೆಯಬೇಕಾಗುತ್ತದೆ. ಏ.ಸಿ. ಯಂತ್ರದ ಹಿಂದಿನ ಕೊಳವೆಯಿಂದ ತೊಟ್ಟಿಕ್ಕುವ ನೀರು ಇದೇ.

ಈಗೊಂದು ಲೆಕ್ಕ ಮಾಡೋಣ. ಆ ಗಾಳಿಯನ್ನು 36ರಿಂದ 24 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಉಷ್ಣ ಸುಮಾರು 500 ಕಿಲೋಜೂಲ್. ಆವಿಯನ್ನು ನೀರಾಗಿಸಲು ತೆಗೆಯಬೇಕಾದ ಗುಪ್ತೋಷ್ಣವಾದರೋ ಸುಮಾರು 1,400 ಕಿಲೋಜೂಲ್. ಅಂದರೆ ಯಂತ್ರದ ಶ್ರಮದಲ್ಲಿ ಹೆಚ್ಚಿನ ಭಾಗ ಗಾಳಿಯನ್ನು ತಣಿಸುವುದಕ್ಕಲ್ಲ, ಒಣಗಿಸುವುದಕ್ಕೇ ವೆಚ್ಚವಾಗುತ್ತದೆ! ಹೀಗೆ ತೆಗೆದ ಉಷ್ಣವು ನಾಶವಾಗುವುದಿಲ್ಲ. ಯಂತ್ರವು ಅದರೊಡನೆ ತಾನು ಬಳಸಿದ ವಿದ್ಯುಚ್ಛಕ್ತಿಯನ್ನೂ ಕೂಡಿಸಿ ಬೀದಿಗೆ ಚೆಲ್ಲುತ್ತದೆ. ಒಳಗಿರುವವನ ತಂಪು ಹೊರಗಿರುವವನಿಗೆ ಬಿಸಿಯಾಗುತ್ತದೆ.

ಕೊಡದ ನೀರು

ಅದೇ ಮಡಕೆಗೆ ತುಂಬುವ ನೀರು ಎಲ್ಲಿಯದು? ದುಬೈಗೆ ನದಿಯಿಲ್ಲ. ಅದರ ಕುಡಿಯುವ ನೀರೆಲ್ಲ ಬಹುಮಟ್ಟಿಗೆ ಸಮುದ್ರದ್ದೇ. ಜೆಬೆಲ್ ಅಲಿ ಎಂಬಲ್ಲಿರುವ ಸ್ಥಾವರಗಳು ದಿನಕ್ಕೆ 200 ಕೋಟಿ ಲೀಟರಿಗೂ ಹೆಚ್ಚು ಉಪ್ಪುನೀರನ್ನು ಸಿಹಿಯಾಗಿಸಬಲ್ಲವು. ನೀರನ್ನು ಕಾಯಿಸಿ ಆವಿ ಮಾಡಿ ತಣಿಸುವುದು ಹಳೆಯ ಮಾರ್ಗ. ಹೊಸ ಮಾರ್ಗದಲ್ಲಿ ವಾಯುಮಂಡಲದ ಒತ್ತಡದ ಸುಮಾರು 60 ಪಟ್ಟು ಒತ್ತಡ ಹಾಕಿ ನೀರನ್ನು ತೆಳುಪೊರೆಯೊಂದರ ಮೂಲಕ ಹಾಯಿಸುತ್ತಾರೆ; ನೀರು ದಾಟುತ್ತದೆ, ಉಪ್ಪು ಹಿಂದುಳಿಯುತ್ತದೆ. ಇದಕ್ಕೆ ಸಾವಿರ ಲೀಟರಿಗೆ 3ರಿಂದ 4 ಯೂನಿಟ್ ವಿದ್ಯುತ್ತು ಬೇಕು. ಪಂಪಿನಲ್ಲಿ ನಷ್ಟವೇ ಇಲ್ಲವೆಂದು ಎಣಿಸಿದರೆ, ಮೂರೂವರೆ ಯೂನಿಟ್ಟಿನಿಂದ ಅದೇ ಸಾವಿರ ಲೀಟರನ್ನು 1,200 ಮೀಟರಿಗೂ ಎತ್ತರಕ್ಕೆ ಏರಿಸಬಹುದು.

ನಮ್ಮ ಹಿರಿಯೂರಿನ ಬಳಿಯ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಕಟ್ಟಿ 1907ರಲ್ಲಿ ಪೂರ್ತಿಯಾದ ವಾಣಿವಿಲಾಸ ಸಾಗರವು ತುಂಬಿದರೆ ಅದರಲ್ಲಿ ಸುಮಾರು 30 ಟಿ.ಎಂ.ಸಿ., ಎಂದರೆ ಹತ್ತಿರ ಹತ್ತಿರ 85,000 ಕೋಟಿ ಲೀಟರು ನೀರು ನಿಲ್ಲುತ್ತದೆ. ಜೆಬೆಲ್ ಅಲಿಯ ಸ್ಥಾವರಗಳು ಬಿಡುವಿಲ್ಲದೆ ಪೂರ್ಣ ಬಲದಿಂದ ದುಡಿದರೂ ಅಷ್ಟು ನೀರು ಮಾಡಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿದೀತು. ಆದರೆ ಆ ಸಾಗರವು 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ, ಅನಂತರ 2025ರಲ್ಲಿ. ನಮಗೆ ಮುಗಿಲು ಕೊಡುವ ನೀರಿಗೆ ಬೆಲೆಯಿಲ್ಲ, ಭರವಸೆಯೂ ಇಲ್ಲ. ಅವರ ನೀರಿಗೆ ಭರವಸೆಯಿದೆ. ಅದರ ಬೆಲೆಯನ್ನು ಪ್ರತಿದಿನವೂ ಇಂಧನದಲ್ಲಿ ತೆರಬೇಕು.

ಕಡಲ ತಳದ ಗಾಜಿನೆಳೆ

ಕೋಣೆ ತಂಪಾಯಿತು, ನೀರು ಸಿಕ್ಕಿತು. ಬೆಂಗಳೂರಿನ ಕೆಲಸವನ್ನು ಅಲ್ಲಿಗೆ ತರುವುದು ಕೂದಲಿನಷ್ಟು ತೆಳ್ಳಗಿನ ಗಾಜಿನೆಳೆ. ಮುಂಬಯಿಯ ದಡದಿಂದ ಅರಬ್ಬೀ ಸಮುದ್ರದ ತಳದಲ್ಲಿ ಹಾಸಿರುವ ಕೇಬಲ್ಲುಗಳು ಸುಮಾರು 2,000 ಕಿಲೋಮೀಟರು ಸಾಗಿ ಸಂಯುಕ್ತ ಅರಬ್ ಎಮಿರೇಟ್ಸಿನ ಫುಜೈರಾ ಮೊದಲಾದ ಕಡೆ ದಡ ಸೇರುತ್ತವೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಆ ಕಡಲನ್ನು ದಾಟಲು ಅದಕ್ಕೆ ಸೆಕೆಂಡಿನ ನೂರರಲ್ಲಿ ಒಂದು ಭಾಗ ಸಾಕು. ಕಣ್ಣು ಮಿಟುಕಿಸಲು ಇದರ ಹತ್ತು ಪಟ್ಟಾದರೂ ಹೊತ್ತು ಬೇಕು.

ಅತ್ಯುತ್ತಮವಾದ ಗಾಜಿನಲ್ಲಿಯೂ ಪ್ರತಿ 15 ಕಿಲೋಮೀಟರಿಗೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ನೂರು ಕಿಲೋಮೀಟರು ಹೋದ ಮೇಲೆ ಉಳಿಯುವುದು ನೂರರಲ್ಲಿ ಒಂದು ಪಾಲು. ಆದುದರಿಂದ ದಾರಿಯುದ್ದಕ್ಕೂ ಸಮುದ್ರದ ತಳದಲ್ಲಿಯೇ ಬೆಳಕನ್ನು ಹಿಗ್ಗಿಸುವ ಸಾಧನಗಳನ್ನು ಇರಿಸಿರುತ್ತಾರೆ. ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ಅದರ ಮೂಲಕ ದೂರದವರೆಗೆ ಸುದ್ದಿ ಕಳುಹಿಸಬಹುದೆಂದು 1966ರಲ್ಲಿ ತೋರಿಸಿಕೊಟ್ಟವರು ಚಾರ್ಲ್ಸ್ ಕಾವೊ. ಅದಕ್ಕಾಗಿ ಅವರಿಗೆ 2009ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಎಳೆಯೂ ಕಡಿಯುವುದುಂಟು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಬಳಿ ಎರಡು ಕೇಬಲ್ಲುಗಳೂ, ಎರಡು ದಿನಗಳಲ್ಲಿ ದುಬೈಯಿಂದ ಆಚೆ ಕೊಲ್ಲಿಯಲ್ಲಿ ಇನ್ನೊಂದೂ ತುಂಡಾದವು. ಕೊಲ್ಲಿಯ ಕೇಬಲ್ಲನ್ನು ಕಡಿದದ್ದು ಹಡಗೊಂದರ ಲಂಗರು. ಭಾರತದಲ್ಲಿಯೂ ಕೊಲ್ಲಿ ದೇಶಗಳಲ್ಲಿಯೂ ಇಂಟರ್‌ನೆಟ್ ವ್ಯವಹಾರ ಹಲವು ದಿನ ಕುಂಟಿತು.

ಉತ್ತರ

ನಾವು ಆ ತರುಣನಿಗೆ ಹೀಗೆ ಬರೆದೆವು: "ಮಡಕೆಯನ್ನು ಒಳಕ್ಕೆ ತಂದು ನಿನ್ನ ಮೇಜಿನ ಪಕ್ಕದಲ್ಲಿಡು." 24 ಡಿಗ್ರಿ ಉಷ್ಣತೆ, ನೂರಕ್ಕೆ 50 ಆರ್ದ್ರತೆಯ ಗಾಳಿಯಲ್ಲಿ ಒದ್ದೆ ಬುರುಡೆಯ ಉಷ್ಣತೆ ಸುಮಾರು 17 ಡಿಗ್ರಿ. ವಾರದೊಳಗೆ ಮರುಪತ್ರ ಬಂದಿತು: "ಸರ್, ನೀರು ತಣ್ಣಗಾಯಿತು. ಊರಿನ ರುಚಿಯೇ ಬಂದಿದೆ."

ಅವನ ಸಂತೋಷದಲ್ಲಿ ನಾವೂ ಭಾಗಿಗಳು. ಆದರೆ ಊರಿನ ಮಡಕೆಯನ್ನು ತಣಿಸಿದ್ದು ಬಯಲಿನ ಒಣಗಾಳಿ. ಅದಕ್ಕೆ ಯಾರೂ ಹಣ ತೆತ್ತಿರಲಿಲ್ಲ. ಅಲ್ಲಿಯ ಮಡಕೆಯನ್ನು ತಣಿಸಿದ್ದು ಯಂತ್ರವು ಒಣಗಿಸಿಕೊಟ್ಟ ಗಾಳಿ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ನಾಳೆ ಅಂಥ ನಗರಗಳಿಗೆ ಹೋಗುವವರೇ. ಹೋಗಲಿ, ಚೆನ್ನಾಗಿ ಬಾಳಲಿ. ಅಲ್ಲಿ ಕೋಣೆಯೊಳಗೆ ಕುಳಿತು ಒಂದು ಲೋಟ ತಣ್ಣೀರು ಕುಡಿಯುವಾಗ, ಆ ತಂಪಿನ ಲೆಕ್ಕವನ್ನೂ, ಕಿಟಕಿಯ ಆಚೆ ಬೆವರು ಆರದೆ ದುಡಿಯುತ್ತಿರುವವನನ್ನೂ ಒಮ್ಮೆ ನೆನೆಯಲಿ. ಊರಿನಲ್ಲಿ ಉಳಿಯುವವರು ಕೆರೆಯ ಹೂಳೆತ್ತುವ ಮಾತು ಬಂದಾಗ, ಸಾವಿರ ಲೀಟರು ನೀರನ್ನು ಸಮುದ್ರದಿಂದ ಪಡೆಯಲು ಎಷ್ಟು ಯೂನಿಟ್ ವಿದ್ಯುತ್ತು ಬೇಕೆಂಬುದನ್ನು ಮರೆಯದಿರಲಿ.